ಕಸ ಗುಡಿಸುವ ತಂತ್ರಾಂಶದ ಕೈಗೆ ಆಂಟಿವೈರಸ್‌ನ ಕಿರ್ದಿ ಕೊಡಬೇಕೆ?

ಪ್ರಶ್ನೆ: ತಿಪಟೂರಿನಲ್ಲಿ ಹನ್ನೊಂದು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಒಂದನ್ನು ಆನ್‌ಲೈನ್ ಅರ್ಜಿ ತುಂಬಲು ಬರುವ ಗಿರಾಕಿಗಳಿಗೇ ಬಿಟ್ಟಿದ್ದೇನೆ. ಯಂತ್ರಗಳು ನಿಧಾನವಾಗಿವೆ ಎಂದು ಪರಿಚಯದವರೊಬ್ಬರು ಒಂದು ಕ್ಲೀನರ್ ತಂತ್ರಾಂಶ ಹಾಕಿಕೊಟ್ಟಿದ್ದರು. ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಅದನ್ನು ಓಡಿಸುವುದು ರೂಢಿಯಾಗಿತ್ತು. ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆಯ ಕೆಲಸ ಮೇಲಿಂದ ಮೇಲೆ ಬರುತ್ತಿದ್ದಾಗ, ಕನ್ನಡ ಟೈಪ್ ಮಾಡುವ ತಂತ್ರಾಂಶ ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದರೆ ಒಂದೆರಡು ದಿನ ನಡೆದು ಮತ್ತೆ ನಿಂತುಹೋಗುತ್ತಿತ್ತು. ಮೂರು ಸಲ ಹೀಗಾದ ಮೇಲೆ ಸರ್ವಿಸ್ ಹುಡುಗನನ್ನು ಕರೆಸಿದೆ. ಅವನು ಆಂಟಿವೈರಸ್ ತೆರೆದು ಹಿಸ್ಟರಿ ನೋಡಿದರೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಕ್ಲೀನರಿನ ಪಟ್ಟಿಯಲ್ಲಿ ‘ಆಂಟಿವೈರಸ್ ಲಾಗ್’ ಎಂಬುದರ ಮುಂದೆ ಟಿಕ್ ಇತ್ತು. ಅದನ್ನು ಹಾಕಿದವನು ನಾನಲ್ಲ. ಇಂಥ ಕಡತಗಳನ್ನು ಕ್ಲೀನರುಗಳು ಅಳಿಸುವುದು ಸರಿಯೆ? ಅಳಿಸದೆ ಬಿಟ್ಟರೆ ಡಿಸ್ಕ್ ತುಂಬಿಹೋಗುವುದಿಲ್ಲವೆ?
— ಡಿಟಿಪಿ ಅಂಗಡಿಯ ಮಾಲೀಕರು, ತಿಪಟೂರು

ಉತ್ತರ: ಸರಿಯಲ್ಲ. ಏಕೆ ಸರಿಯಲ್ಲ ಎಂಬುದಕ್ಕೆ ನಿಮ್ಮ ಅಂಗಡಿಯಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲವಾದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಲವು ಮಾಡುವ ಕೆಲಸ ಇಷ್ಟು: ಕೀಲಿಮಣೆಯಲ್ಲಿ ನೀವು ಒತ್ತಿದ ಇಂಗ್ಲಿಷ್ ಅಕ್ಷರ ಕೋರೆಲ್‌ಡ್ರಾಗೋ ವರ್ಡ್‌ಗೋ ತಲುಪುವ ಮುನ್ನವೇ ಅದನ್ನು ನಡುದಾರಿಯಲ್ಲಿ ಹಿಡಿದು, ‘ಕ’ ಎಂದೋ ‘ಮ’ ಎಂದೋ ಬದಲಿಸಿ ಮುಂದಕ್ಕೆ ಕಳಿಸುವುದು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿಯೊಂದು ಒತ್ತನ್ನೂ ಅದೇ ನಡುದಾರಿಯಲ್ಲಿ ಹಿಡಿಯುತ್ತದೆ. ಅದು ಅಕ್ಷರವನ್ನು ಬದಲಿಸುವುದಿಲ್ಲ, ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ. ಕಡತದ ನಡವಳಿಕೆಯನ್ನು ನೋಡಿ ತೀರ್ಪು ಕೊಡುವ ಇಂದಿನ ಆಂಟಿವೈರಸ್‌ಗಳಿಗೆ ಈ ಇಬ್ಬರನ್ನು ಬೇರ್ಪಡಿಸುವುದು ಯಾವಾಗಲೂ ಸುಲಭವಲ್ಲ. ತಂತ್ರಾಂಶಕ್ಕೆ ತಯಾರಕರ ಡಿಜಿಟಲ್ ಸಹಿ ಇಲ್ಲದಿದ್ದರೆ ಮತ್ತು ಅದನ್ನು ಬಳಸುವವರ ಸಂಖ್ಯೆ ಜಗತ್ತಿನ ಲೆಕ್ಕದಲ್ಲಿ ಕಡಿಮೆಯಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ನಿಮ್ಮ ಟೈಪಿಂಗ್ ತಂತ್ರಾಂಶದ ಒಂದು ಕಡತವನ್ನು ಆಂಟಿವೈರಸ್ ಹೀಗೆಯೇ ಎತ್ತಿ ಕ್ವಾರಂಟೈನ್‌ಗೆ, ಅಂದರೆ ಅನುಮಾನದ ಕಡತಗಳನ್ನು ಬೇರೆಯಾಗಿ ಕೂಡಿಹಾಕುವ ಜಾಗಕ್ಕೆ, ಹಾಕಿರಬೇಕೆಂಬುದು ನನ್ನ ಊಹೆ. ಇದನ್ನು ಊಹೆ ಎಂದೇ ಹೇಳಬೇಕಾಗಿ ಬಂದಿರುವುದು, ನೋಡಿ, ಲಾಗ್, ಅಂದರೆ ಆಂಟಿವೈರಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಡತ, ಇಲ್ಲದ್ದರಿಂದ.

ಲಾಗ್ ಇದ್ದಿದ್ದರೆ ಸರ್ವಿಸ್ ಹುಡುಗನಿಗೆ ಒಂದೇ ಸಾಲು ಸಾಕಿತ್ತು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಫೋಲ್ಡರಿನ ಯಾವ ಕಡತವನ್ನು, ಯಾವ ಹೆಸರಿನ ಅನುಮಾನದ ಮೇಲೆ, ಏನು ಮಾಡಲಾಯಿತು ಎಂಬ ನಾಲ್ಕೂ ಸಂಗತಿಗಳು ಆ ಸಾಲಿನಲ್ಲಿರುತ್ತವೆ. ಅನುಮಾನದ ಹೆಸರೇ ಎಷ್ಟೋ ಸಲ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ‘ಟ್ರೋಜನ್:ವಿನ್32/ವಾಕಾಟ್ಯಾಕ್.ಬಿ!ಎಂಎಲ್’ ಎಂದು ಬರೆದರೆ, ಕೊನೆಯ ‘ಎಂಎಲ್’ ಎಂಬುದು ಮೆಷಿನ್ ಲರ್ನಿಂಗ್‌ನ ಗುರುತು; ಅಂದರೆ ಗೊತ್ತಿರುವ ವೈರಸ್ಸಿನ ಗುರುತು ಹೊಂದಿಕೊಂಡು ಸಿಕ್ಕಿದ್ದಲ್ಲ, ಯಂತ್ರವು ಅಂದಾಜಿನ ಮೇಲೆ ಹಿಡಿದದ್ದು. ಇಷ್ಟು ಕಂಡ ಕೂಡಲೇ ಅನುಭವವಿರುವ ರಿಪೇರಿಯವರು ಕಡತವನ್ನು ತಯಾರಕರ ಜಾಲತಾಣದಿಂದಲೇ ತಂದದ್ದೆಂದು ಖಚಿತಪಡಿಸಿಕೊಂಡು, ಅದನ್ನು ಕ್ವಾರಂಟೈನ್‌ನಿಂದ ಹೊರತಂದು, ವಿನಾಯಿತಿಯ ಪಟ್ಟಿಗೆ ಸೇರಿಸಿ, ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಿದ್ದರು. ಆಂಟಿವೈರಸ್‌ಗಳು ಹೀಗೆ ತಪ್ಪುವುದು ಅಪರೂಪವೂ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಹೊರಡಿಸಿದ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಮೂಲಭೂತ ಕಡತವನ್ನೇ ವೈರಸ್ ಎಂದು ಹಿಡಿದು, ಹಲವು ದೇಶಗಳಲ್ಲಿ ಕಚೇರಿಯ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕುಳಿತಿದ್ದವು.

ಈಗ ಆ ಟಿಕ್‌ನ ವಿಚಾರ. ಕ್ಲೀನರ್ ಮಾಡುವವರ ದೃಷ್ಟಿಯಲ್ಲಿ ಕಸ ಎಂದರೆ, ಅಳಿಸಿದರೂ ಸಂಬಂಧಪಟ್ಟ ತಂತ್ರಾಂಶ ಮರುದಿನ ತೆರೆದುಕೊಳ್ಳುವಂಥ ಕಡತ. ಈ ಅಳತೆಗೆ ಬ್ರೌಸರಿನ ಕ್ಯಾಶೆಯೂ (ನೋಡಿದ ಪುಟಗಳ ತಾತ್ಕಾಲಿಕ ನಕಲು) ಒಂದೇ, ಆಂಟಿವೈರಸ್‌ನ ಲಾಗೂ ಒಂದೇ. ಎರಡನ್ನು ಅಳಿಸಿದರೂ ಏನೂ ಮುರಿಯುವುದಿಲ್ಲ. ಆದರೆ ಕ್ಯಾಶೆ ಹೋದರೆ ಬ್ರೌಸರ್ ಅದನ್ನು ಮತ್ತೆ ತಂದುಕೊಳ್ಳುತ್ತದೆ, ಲಾಗ್ ಹೋದರೆ ಅದನ್ನು ಮತ್ತೆ ತರುವವರು ಯಾರೂ ಇಲ್ಲ. ನಿನ್ನೆ ರಾತ್ರಿ 9 ಗಂಟೆ 12 ನಿಮಿಷಕ್ಕೆ ಏನಾಯಿತೆಂಬುದು ಒಂದೇ ಕಡೆ ದಾಖಲಾಗಿತ್ತು. ನಿಮ್ಮೂರಿನ ಕೊಬ್ಬರಿ ಮಂಡಿಯಲ್ಲಿ ರಾತ್ರಿ ಅಂಗಡಿ ಗುಡಿಸುವ ಹುಡುಗ ಹಳೆಯ ಗೋಣಿಯ ಜೊತೆ ಕಿರ್ದಿ ಪುಸ್ತಕವನ್ನೂ ತಿಪ್ಪೆಗೆ ಹಾಕಿ ಬಂದರೆ ಮರುದಿನದ ವ್ಯಾಪಾರವೇನೂ ನಿಲ್ಲುವುದಿಲ್ಲ, ನಿಜ. ತಕರಾರು ಎದ್ದ ದಿನ ಮಾತ್ರ ಯಜಮಾನ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ನನಗೆ ಇದರಲ್ಲಿ ಹೆಚ್ಚು ಸಿಟ್ಟು ಬರುವುದು ಆ ಟಿಕ್ ಮೊದಲೇ ಬಿದ್ದಿರುವುದಕ್ಕೆ. ಬೇಕಾದವರು ಹುಡುಕಿ ಹಾಕಿಕೊಳ್ಳಬೇಕಾದದ್ದನ್ನು ಬೇಡವಾದವರು ಹುಡುಕಿ ತೆಗೆಯುವಂತೆ ಮಾಡುವುದು, ಬಿಡುಗಡೆಯಾದ ಜಾಗದ ಅಂಕಿಯನ್ನು ದೊಡ್ಡದಾಗಿ ತೋರಿಸುವ ಆಸೆಗೆ ಹುಟ್ಟಿದ ವ್ಯಾಪಾರಿ ಬುದ್ಧಿ.

ಅದರಿಂದ ಸಿಗುವ ಜಾಗವಾದರೂ ಎಷ್ಟು? ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ಗೆ ಸಾಮಾನ್ಯವಾಗಿ ಗೊತ್ತುಮಾಡಿರುವ ಮಿತಿ 20 ಎಂಬಿ. ಅದು ತುಂಬಿದರೆ ಹಳೆಯ ದಾಖಲೆಗಳ ಮೇಲೆ ಹೊಸವು ಬರೆಯಲ್ಪಡುತ್ತವೆಯೇ ಹೊರತು ಕಡತ ಬೆಳೆಯುತ್ತಾ ಹೋಗುವುದಿಲ್ಲ. ಆಂಟಿವೈರಸ್‌ನ ಸ್ಕ್ಯಾನ್ ವರದಿಗಳು ಬರಿಯ ಪಠ್ಯ, ಕೆಲವು ಕೆಬಿಗಳಿಂದ ಕೆಲವು ಎಂಬಿಗಳವರೆಗೆ. ನೀವು ಮಾಡುವ ಒಂದು ಬ್ಯಾನರಿನ ಕೋರೆಲ್‌ಡ್ರಾ ಕಡತ ಇವೆಲ್ಲವನ್ನೂ ಮೀರಿಸಬಹುದು. ಲಾಗ್ ಕಡತಗಳು ಡಿಸ್ಕನ್ನು ನುಂಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಿಂಡೋಸ್ 7ರ ಕಾಲದಲ್ಲಿ ಅಪ್‌ಡೇಟ್‌ಗಳ ಲೆಕ್ಕ ಬರೆಯುವ ‘ಸಿಬಿಎಸ್’ ಲಾಗ್ 2 ಜಿಬಿ ದಾಟಿದರೆ ಅದನ್ನು ಕುಗ್ಗಿಸಿ ಕಟ್ಟುವ ಪ್ರಯತ್ನ ಪ್ರತಿಸಲವೂ ಸೋತು, ಅರ್ಧಂಬರ್ಧ ಕಡತಗಳು ಟೆಂಪ್ ಫೋಲ್ಡರಿನಲ್ಲಿ ರಾಶಿ ಬೀಳುತ್ತಿದ್ದುದು ಹಳಬರಿಗೆ ನೆನಪಿರಬಹುದು. ಆಂಟಿವೈರಸ್ ಕಂಪನಿಯ ಸಹಾಯವಾಣಿಯವರು ತೊಂದರೆ ಹುಡುಕಲೆಂದು ‘ಡೀಬಗ್ ಲಾಗ್’ ಆನ್ ಮಾಡಿಸಿ, ಆಫ್ ಮಾಡಿಸಲು ಮರೆತಾಗಲೂ ಹೀಗಾಗುವುದುಂಟು. ಇವು ರೋಗಗಳು, ರೋಗ ಬಂದಾಗ ಕಾರಣ ಹುಡುಕಿ ಔಷಧ ಕೊಡಬೇಕು. ದಿನಾ ರಾತ್ರಿ ಎಲ್ಲವನ್ನೂ ಗುಡಿಸುವುದು ಇದಕ್ಕೆ ಔಷಧವಲ್ಲ.

ಹಾಗಿದ್ದರೆ ಮೈಕ್ರೋಸಾಫ್ಟ್‌ನದೇ ಡಿಸ್ಕ್ ಕ್ಲೀನಪ್ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್’ ಎಂಬ ಸಾಲು ಏಕಿದೆ ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಆ ಸಾಲಿನ ಕೆಳಗಿನ ವಿವರಣೆಯಲ್ಲೇ, ಡಿಫೆಂಡರ್ ಬಳಸುವ, ಅಷ್ಟೇನೂ ಮುಖ್ಯವಲ್ಲದ ಕಡತಗಳು ಎಂದಿದೆ. ಡಿಫೆಂಡರನ್ನು ಮಾಡಿದವರಿಗೆ ಅದರ ಯಾವ ಕಡತ ಮುಖ್ಯ, ಯಾವುದು ಅಲ್ಲ ಎಂಬುದು ಗೊತ್ತು. ಬೇರೆ ಕಂಪನಿಯ ಕ್ಲೀನರ್‌ಗೆ ಗೊತ್ತಿರುವುದು ಫೋಲ್ಡರಿನ ವಿಳಾಸ ಮಾತ್ರ, ಮತ್ತು ಅದೂ ಆಂಟಿವೈರಸ್‌ನ ಹಿಂದಿನ ಆವೃತ್ತಿಯ ವಿಳಾಸವಾಗಿರಬಹುದು. ನನ್ನ ಅಭಿಪ್ರಾಯದಲ್ಲಿ ಇಡೀ ವಿವಾದಕ್ಕೆ ಇಲ್ಲೇ ಪರಿಹಾರವಿದೆ: ಲಾಗನ್ನು ಎಷ್ಟು ದಿನ ಇಡಬೇಕು, ಯಾವಾಗ ತೆಗೆಯಬೇಕು ಎಂಬುದು ಅದನ್ನು ಬರೆದ ತಂತ್ರಾಂಶದ ಕೆಲಸವೇ ಆಗಿರಬೇಕು. ಒಳ್ಳೆಯ ಆಂಟಿವೈರಸ್‌ಗಳ ಸೆಟ್ಟಿಂಗ್ಸ್‌ನಲ್ಲಿ ವರದಿಗಳನ್ನು ಎಷ್ಟು ದಿನಗಳ ನಂತರ ಅಳಿಸಬೇಕೆಂಬ ಆಯ್ಕೆ ಇರುತ್ತದೆ. ಅಲ್ಲಿ ದಿನ ಹೆಚ್ಚಿಸಿಕೊಳ್ಳಿ.

ಕ್ವಾರಂಟೈನ್ ಫೋಲ್ಡರಿನ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಬೇಕು. ಅದು ಲಾಗ್ ಅಲ್ಲ. ಹಿಡಿದು ತಂದ ಕಡತವನ್ನು ಓಡಲಾಗದಂತೆ ರೂಪಾಂತರಿಸಿ ಇಟ್ಟಿರುವ ಲಾಕಪ್. ಗಿರಾಕಿಯ ಪೆನ್‌ಡ್ರೈವಿನಿಂದ ಹಿಡಿದ ಕಡತ ನಿಜವಾಗಿ ಅವನ ಮಗಳ ಮದುವೆಯ ಕರೆಯೋಲೆಯೇ ಆಗಿದ್ದರೆ ಅದು ಮರಳಿ ಸಿಗುವ ಒಂದೇ ಜಾಗ ಅದು. ಕೆಲವು ಕ್ಲೀನರುಗಳ ಪಟ್ಟಿಗಳು ಲಾಗ್ ಮತ್ತು ಕ್ವಾರಂಟೈನ್ ಎರಡನ್ನೂ ಒಂದೇ ಟಿಕ್‌ನ ಕೆಳಗೆ ಸೇರಿಸಿಬಿಡುತ್ತವೆ.

ಇನ್ನೊಂದು ಕಾರಣವಿದೆ, ನಿಮ್ಮ ಅಂಗಡಿಗಿಂತ ದೊಡ್ಡದು. ದಾಖಲೆ ಅಳಿಸುವುದು ಕಳ್ಳರ ಹಳೆಯ ಪದ್ಧತಿ. 2017ರ ಜೂನ್ 27ರಂದು ಉಕ್ರೇನಿನಲ್ಲಿ ಶುರುವಾಗಿ, ಮರ್ಸ್ಕ್ ಹಡಗು ಕಂಪನಿಯ ಮೂಲಕ ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲನ್ನೂ ಸ್ತಬ್ಧಗೊಳಿಸಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ತನ್ನ ಕೆಲಸದ ಭಾಗವಾಗಿಯೇ ವಿಂಡೋಸ್‌ನ ಸೆಟಪ್, ಸಿಸ್ಟಂ, ಸೆಕ್ಯುರಿಟಿ, ಅಪ್ಲಿಕೇಷನ್ ಎಂಬ ನಾಲ್ಕೂ ಲಾಗ್‌ಗಳನ್ನು ಬರಿದುಮಾಡುತ್ತಿತ್ತು. ಇದಕ್ಕೆಂದೇ ವಿಂಡೋಸ್‌ನಲ್ಲಿ ಒಂದು ಕಾವಲಿದೆ: ಯಾರಾದರೂ ಸೆಕ್ಯುರಿಟಿ ಲಾಗನ್ನು ಖಾಲಿ ಮಾಡಿದರೆ, ಖಾಲಿಯಾದ ಪುಸ್ತಕದ ಮೊದಲ ಸಾಲಿನಲ್ಲಿ, ಇದನ್ನು ಇಂಥ ಬಳಕೆದಾರ ಖಾಲಿ ಮಾಡಿದ ಎಂದು 1102 ಎಂಬ ಸಂಖ್ಯೆಯಡಿ ಬರೆದಿಡುತ್ತದೆ. ಕ್ಲೀನರ್ ಪ್ರತಿ ರಾತ್ರಿ ಅದೇ ಕೆಲಸ ಮಾಡುತ್ತಿದ್ದರೆ ಪ್ರತಿ ಬೆಳಿಗ್ಗೆಯೂ 1102 ಕಾಣುತ್ತದೆ, ಮತ್ತು ಕಳ್ಳ ಬಂದು ಹೋದ ದಿನದ 1102 ಉಳಿದವುಗಳ ನಡುವೆ ಗುರುತು ಸಿಗುವುದಿಲ್ಲ.

ಕ್ಲೀನರ್ ತಾನೇ ಕೆಟ್ಟರೆ? ಅದೂ ಆಗಿದೆ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಹಂಚಲಾದ ಸಿಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಹಿಂಬಾಗಿಲೊಂದನ್ನು ಸೇರಿಸಿಬಿಟ್ಟಿದ್ದರು. ಅದು ಸುಮಾರು 22.7 ಲಕ್ಷ ಯಂತ್ರಗಳನ್ನು ಸೇರಿತು, ಮತ್ತು ದಾಳಿಯ ಎರಡನೆಯ ಹಂತಕ್ಕೆ ಅವರು ಆರಿಸಿಕೊಂಡದ್ದು ದೊಡ್ಡ ತಂತ್ರಜ್ಞಾನ ಕಂಪನಿಗಳ ಕೆಲವೇ ಹತ್ತಾರು ಯಂತ್ರಗಳನ್ನು. ತಯಾರಕರ ಅಧಿಕೃತ ಸಹಿಯೇ ಇದ್ದ ಕಡತ ಅದು. ಅಂಥ ದಿನಗಳಲ್ಲಿ ಯಂತ್ರದಲ್ಲಿ ಏನು ನಡೆಯಿತೆಂದು ತಿಳಿಯಲು ಉಳಿಯುವ ಸಾಕ್ಷಿಯೇ ಲಾಗ್. ಅದನ್ನು ಅಳಿಸುವ ಅಧಿಕಾರವನ್ನು ಇಂಥದೇ ಇನ್ನೊಂದು ತಂತ್ರಾಂಶಕ್ಕೆ ಕೊಟ್ಟು ಕುಳಿತಿದ್ದರೆ ಕೇಳುವುದು ಯಾರನ್ನು?

ಗಿರಾಕಿಗಳಿಗೆ ಬಿಟ್ಟಿರುವ ನಿಮ್ಮ ಮೂರನೆಯ ಕಂಪ್ಯೂಟರಿಗೆ ಕಾನೂನಿನ ಮಾತೂ ಅನ್ವಯವಾಗುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸುವುದು ವ್ಯಾಪಾರದ ಭಾಗವಾಗಿದ್ದರೆ 2011ರ ಸೈಬರ್ ಕೆಫೆ ನಿಯಮಗಳು ನಿಮ್ಮನ್ನೂ ಮುಟ್ಟುತ್ತವೆ. ಆ ಯಂತ್ರದಿಂದ ನೋಡಿದ ಜಾಲತಾಣಗಳ ಇತಿಹಾಸವನ್ನು ಮತ್ತು ಪ್ರಾಕ್ಸಿ ಸರ್ವರಿನ (ಇಂಟರ್ನೆಟ್ ಸಂಪರ್ಕ ಹಾದುಹೋಗುವ ನಡುವಣ ಯಂತ್ರದ) ಲಾಗನ್ನು ಕನಿಷ್ಠ ಒಂದು ವರ್ಷ ಬ್ಯಾಕಪ್ ಮಾಡಿ ಇಟ್ಟಿರಬೇಕೆಂದು ಅವು ಹೇಳುತ್ತವೆ. ಆಂಟಿವೈರಸ್ ಲಾಗ್‌ನ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಯಾವ ಕ್ಲೀನರನ್ನು ಓಡಿಸಿದರೂ ಅದು ಮೊದಲು ಬಾಯಿ ಹಾಕುವುದೇ ಬ್ರೌಸರ್ ಇತಿಹಾಸಕ್ಕೆ.

ಕೊನೆಗೆ ನಿಮ್ಮ ಹುಡುಕಾಟಕ್ಕೆ ಒಂದು ದಾರಿ. ನಿಮ್ಮ ಆಂಟಿವೈರಸ್ ಯಾವುದೆಂದು ನೀವು ಬರೆದಿಲ್ಲ. ಅದು ಡಿಫೆಂಡರ್ ಆಗಿದ್ದರೆ, ಕ್ಲೀನರ್ ಹಿಸ್ಟರಿಯನ್ನು ಅಳಿಸಿದ್ದರೂ ಇನ್ನೊಂದು ನಕಲು ಉಳಿದಿರುವ ಸಾಧ್ಯತೆಯಿದೆ. ವಿಂಡೋಸ್‌ನ ಲಾಗ್‌ಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಷನ್ಸ್ ಅಂಡ್ ಸರ್ವೀಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಆಪರೇಷನಲ್ ಎಂದು ಇಳಿಯುತ್ತಾ ಹೋಗಿ. ಅಲ್ಲಿ 1116 ಎಂದರೆ ಅನುಮಾನಾಸ್ಪದ ಕಡತ ಕಂಡದ್ದು, 1117 ಎಂದರೆ ಅದರ ಮೇಲೆ ಕ್ರಮ ಕೈಗೊಂಡದ್ದು, 5001 ಎಂದರೆ ಸದಾ ಕಾಯುವ ರಕ್ಷಣೆಯನ್ನೇ ಯಾರೋ ನಿಲ್ಲಿಸಿದ್ದು. ಟೈಪಿಂಗ್ ತಂತ್ರಾಂಶ ನಿಂತ ಮೂರು ದಿನಾಂಕಗಳ ಹಿಂದುಮುಂದೆ 1116 ಮತ್ತು 1117 ಜೋಡಿಯಾಗಿ ಸಿಕ್ಕರೆ ನನ್ನ ಊಹೆ ನಿಜ. ಸಿಕ್ಕದಿದ್ದರೆ ಕ್ಲೀನರಿನಲ್ಲಿ ಆ ಟಿಕ್ ತೆಗೆದು, ‘ವಿಂಡೋಸ್ ಈವೆಂಟ್ ಲಾಗ್ಸ್’ ಎಂಬ ಟಿಕ್ ಇದ್ದರೆ ಅದನ್ನೂ ತೆಗೆದು, ಟೈಪಿಂಗ್ ತಂತ್ರಾಂಶವನ್ನು ನಾಲ್ಕನೆಯ ಸಲ ಇನ್‌ಸ್ಟಾಲ್ ಮಾಡಿ ಕಾಯಿರಿ. ಈ ಸಲ ಹೋದರೆ ಕುರುಹು ಉಳಿಯುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಚ್ಚಾಮಾಲು ಕೊಡುವವರ ಹೆಸರಿನಲ್ಲಿ ಬಂದ ನಕಲಿ ಇ-ಮೇಲ್ ನಂಬಿ ಬೇರೆ ಬ್ಯಾಂಕ್ ಖಾತೆಗೆ ಹಣ ಕಳಿಸಿಬಿಟ್ಟೆವು. ವಿಷಯ ತಿಳಿದ ಕೂಡಲೇ ನಮ್ಮ ಕಂಪ್ಯೂಟರ್ ನೋಡಿಕೊಳ್ಳುವವರು ಬಂದು ವೈರಸ್ ಹೋಗಲಿ ಎಂದು ಕ್ಲೀನರ್ ಓಡಿಸಿ ಎಲ್ಲವನ್ನೂ ‘ಶುದ್ಧ’ ಮಾಡಿ ಹೋದರು. ಅವರು ವಾರಕ್ಕೊಮ್ಮೆ ಹೇಗೂ ಹಾಗೆ ಮಾಡುತ್ತಾರೆ. ಇದರಿಂದ ತೊಂದರೆಯಿದೆಯೆ?
— ಹೆಸರು ಬೇಡವೆಂದವರು, ಬೆಂಗಳೂರು

ಉತ್ತರ: ಇದೆ, ಎರಡು ಬಗೆಯಲ್ಲಿ. ಮೊದಲನೆಯದಾಗಿ, ಹಣ ಹೋದದ್ದು ಬರಿಯ ಸುಳ್ಳು ಇ-ಮೇಲಿನಿಂದಲೋ ಅಥವಾ ನಿಮ್ಮ ಯಂತ್ರದೊಳಗೇ ಯಾರೋ ಕುಳಿತು ಪತ್ರವ್ಯವಹಾರ ಓದುತ್ತಿದ್ದರೋ ಎಂಬುದನ್ನು ಹೇಳಬಲ್ಲ ದಾಖಲೆಗಳಲ್ಲಿ ಆಂಟಿವೈರಸ್‌ನ ಲಾಗ್ ಮುಖ್ಯವಾದದ್ದು. ಡಿಫೆಂಡರ್‌ನ ‘ಎಂಪಿಲಾಗ್’ ಎಂಬ ಕಡತ, ವೈರಸ್ಸಿನ ಮಾತು ಬಿಡಿ, ಯಂತ್ರದಲ್ಲಿ ಯಾವ ಯಾವ ಪ್ರೋಗ್ರಾಂ ಓಡಿದವು ಎಂಬುದರ ಕುರುಹುಗಳನ್ನೂ ಇಟ್ಟುಕೊಂಡಿರುತ್ತದೆಯಾದ್ದರಿಂದ, ತನಿಖೆ ಮಾಡುವವರು ಅದನ್ನು ಮೊದಲು ಹುಡುಕುವ ಕಡತಗಳಲ್ಲಿ ಸೇರಿಸುತ್ತಾರೆ. ಆ ಉತ್ತರ ಸಿಕ್ಕದೆ ಯಂತ್ರವನ್ನು ‘ಶುದ್ಧವಾಯಿತು’ ಎಂದು ಮತ್ತೆ ಬಳಸುವುದು ಅಪಾಯ. ಕಳ್ಳ ಮನೆಯೊಳಗೇ ಇದ್ದಾನೋ ಇಲ್ಲವೋ ನೋಡದೆ ಅಂಗಳ ಸಾರಿಸಿದಂತೆ.

ಎರಡನೆಯದು ಕಾನೂನು. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು ಆನ್ ಮಾಡಿ, ಹಿಂದಿನ 180 ದಿನಗಳದ್ದು ಸದಾ ಕೈಗೆ ಸಿಗುವಂತೆ ಜೋಪಾನವಾಗಿ ಇಟ್ಟಿರಬೇಕು. ಪಟ್ಟಿಮಾಡಿದ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ಸಿದ್ಧತೆಗೆಂದು ಕೊಟ್ಟಿದ್ದ ಹೆಚ್ಚುವರಿ ಗಡುವು ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ವಾರಕ್ಕೊಮ್ಮೆ ಲಾಗ್ ಅಳಿಸುವವರನ್ನು ಇಟ್ಟುಕೊಂಡು 180 ದಿನಗಳ ಲೆಕ್ಕ ಕೊಡುವುದು ಹೇಗೆಂದು ನಿಮ್ಮ ಮಾಲೀಕರೇ ಅವರನ್ನು ಕೇಳಲಿ.

ಈಗ ಮಾಡಬೇಕಾದದ್ದು: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರದಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ ಮೊದಲು ಕರೆ ಮಾಡಿ, ಏಕೆಂದರೆ ಹಣ ತಡೆಹಿಡಿಯುವ ಅವಕಾಶ ಗಂಟೆಗಳ ಲೆಕ್ಕದ್ದು. ಆ ಯಂತ್ರವನ್ನು ನೆಟ್‌ವರ್ಕಿನಿಂದ ಬಿಡಿಸಿ ಹಾಗೆಯೇ ಇಡಿ; ಅಳಿಸಿದ ಕಡತಗಳ ಮೇಲೆ ಹೊಸದು ಬರೆಯದಿದ್ದರೆ ತಜ್ಞರಿಗೆ ಕೆಲವಾದರೂ ಮರಳಿ ಸಿಗಬಹುದು. ಇ-ಮೇಲ್ ಸರ್ವರಿನ ಲಾಗ್ ಮತ್ತು ಇಂಟರ್ನೆಟ್ ರೌಟರಿನ ಲಾಗ್ ಕ್ಲೀನರಿನ ಕೈಗೆ ಸಿಕ್ಕಿರುವುದಿಲ್ಲ. ಅವುಗಳ ಪ್ರತಿಯನ್ನು ಇಂದೇ ತೆಗೆಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ, ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಒಂದಿಷ್ಟು ಬದಲಾದರೂ ಬೇರೆಯಾಗುವ, ಅದರ ಬೆರಳಚ್ಚಿನಂಥ ಸಂಕೇತ) ಕೇಳುವುದರಿಂದ, ಪ್ರತಿ ತೆಗೆದ ಕ್ಷಣದಲ್ಲೇ ಹ್ಯಾಶ್ ಲೆಕ್ಕ ಹಾಕಿಸಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಫೋನಿನಲ್ಲಿರುವ ‘ಬೂಸ್ಟರ್’ ಆ್ಯಪ್ ಕೂಡ ಹೀಗೆ ಆಂಟಿವೈರಸ್ ಆ್ಯಪಿನ ಲಾಗ್ ಅಳಿಸುತ್ತದೆಯೆ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಬೀಗದ ಕೋಣೆಯಿದ್ದು, ಒಂದರ ಖಾಸಗಿ ಕಡತಗಳನ್ನು ಇನ್ನೊಂದು ಮುಟ್ಟಲಾರದು. ಹೀಗಿರುವಾಗ ಆ ಬೂಸ್ಟರ್ ದಿನಾ ಅಷ್ಟೊಂದು ಎಂಬಿ ಕಸ ತೆಗೆದೆನೆಂದು ತೋರಿಸುವುದು ಯಾವುದರ ಲೆಕ್ಕ ಎಂಬುದನ್ನು ನೀವೇ ಯೋಚಿಸಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಮಾರುತ್ತಿದ್ದೇನೆ. ಆಂಟಿವೈರಸ್‌ನ ಲಾಗ್‌ನಲ್ಲಿ ನನ್ನ ಕಡತಗಳ ಹೆಸರುಗಳೆಲ್ಲ ಇರುತ್ತವೆಯಂತೆ. ಆಗಲೂ ಅಳಿಸಬಾರದೆ?
— ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ. ಬ್ಯಾಂಕಿನ ಪತ್ರ, ವೈದ್ಯಕೀಯ ವರದಿ ಇಂಥವುಗಳ ಹೆಸರು ಮತ್ತು ಫೋಲ್ಡರಿನ ವಿಳಾಸ ಲಾಗ್‌ನಲ್ಲಿ ಇರಬಹುದು, ಕೆಲವೊಮ್ಮೆ ನೀವು ತೆರೆದ ಜಾಲತಾಣದ ವಿಳಾಸವೂ ಇರುತ್ತದೆ. ಆದರೆ ಯಂತ್ರ ಕೈಬದಲಾಗುವಾಗ ಬರಿಯ ಲಾಗ್ ಅಳಿಸಿದರೆ ಸಾಲದು. ಬೇಕಾದ ಕಡತಗಳನ್ನು ಬೇರೆಡೆ ಇಟ್ಟುಕೊಂಡು, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ ಆರಿಸಿ, ಎಲ್ಲವನ್ನೂ ತೆಗೆಯುವ ಆಯ್ಕೆಯನ್ನೂ ಅದರ ಜೊತೆಗೆ ಡ್ರೈವನ್ನು ಶುಚಿಗೊಳಿಸುವ ಆಯ್ಕೆಯನ್ನೂ ಒತ್ತಿ. ಹಳೆಯ ಹಾರ್ಡ್ ಡಿಸ್ಕಾದರೆ ಇದಕ್ಕೆ ಕೆಲವು ಗಂಟೆಗಳೇ ಬೇಕಾಗಬಹುದು. ಚಾರ್ಜರ್ ಹಾಕಿಯೇ ಇಡಿ.